ಎಡಗಡೆಯ ತುಂಡು

ಜೂನ್ ೯

ಪ್ರೀತಿಯ ಪಿಟೀಲು,

ಎಲ್ಲರೂ ಸೌಖ್ಯ ಎಂದು ಮೊದಲ ಸಾಲಿನಲ್ಲಿ ಬರೆದು ಮೂರನೆಯ ಸಾಲಿನಿಂದ ಗೋಳು ತೆಗೆಯುವವರ ಪೈಕಿ ನಾನಲ್ಲ. ಚಿಕ್ಕಂದಿನಲ್ಲಿ ನೀನು ಪಿಟೀಲಿನ ಹಾಗೆ ರಾಗ ಎಳೆದು ಅಳುತ್ತಿದ್ದೆಯಲ್ಲ, ಹಾಗೆ ಗೋಳಿನಿಂದಲೇ ಶುರುಮಾಡುತ್ತೇನೆ. ಕೊನೆಗೆ ಸೌಖ್ಯ ಏನಾದರೂ ಉಳಿದರೆ ಬರೆಯುತ್ತೇನೆ.

ನಿನ್ನ ಅತ್ತೆಯ ಎಡಭುಜ ಹಿಡಿದುಕೊಂಡಿದ್ದು ಇನ್ನೂ ಬಿಟ್ಟಿಲ್ಲ. ಕೈ ಎದೆಯ ಮಟ್ಟ ದಾಟಿ ಮೇಲೇಳದು. ಬೆರಳಿನ ನಡುಕವೂ ಹೆಚ್ಚಾಗಿದೆ. ಚಹಾದ ಲೋಟ ಅರ್ಧವೇ ತುಂಬಿಸಿ ಕೊಡುತ್ತೇನೆ, ಅದಕ್ಕೂ ಬೈಸಿಕೊಳ್ಳುತ್ತೇನೆ. ಬೆಳಗಾದರೆ ಬಟ್ಟೆ ಹಾಕುವ ಯುದ್ಧ. ಊರವರಿಗೆಲ್ಲ ಸ್ವೆಟರ್ ಹೆಣೆದುಕೊಟ್ಟವಳು, ತಾನು ಹೆಣೆದುಕೊಂಡವೇ ಪೆಟ್ಟಿಗೆ ತುಂಬ ಇವೆ, ಒಂದೂ ಆ ತೋಳಿಗೆ ಏರುವುದಿಲ್ಲ. ಮಳೆಯ ಚಳಿ ಶುರುವಾದಾಗಿನಿಂದ ಅವಳು ಕೋಣೆ ಬಿಟ್ಟು ಕದಲಿಲ್ಲ. ಕೆಳಗಿನ ಬೆಂಚಿಗೆ ಹೋಗೋಣ ಬಾ, ನಿನ್ನ ಗೆಳತಿಯರು ಕೇಳುತ್ತಾರೆ ಅಂದೆ. "ಕಂಬಳಿ ಹೊದ್ದುಕೊಂಡು ಕೂತರೆ ಏನಂತಾರೆ ಅವರು? ನನ್ನ ಕೈಲಿ ಹೆಣಿಸಿಕೊಂಡ ಸ್ವೆಟರ್ ಹಾಕ್ಕೊಂಡು ಬಂದು ನನ್ನ ಕಂಬಳಿ ನೋಡ್ತಾರಾ? ನಾನು ಬರಲ್ಲ" ಅಂದಳು. ನಿನ್ನಪ್ಪ ಇದ್ದಿದ್ದರೆ ಅಕ್ಕನ ಹಟಕ್ಕೆ ಕೈಮುಗಿದು ಎದ್ದುಹೋಗುತ್ತಿದ್ದ. ನಾನು ಎಲ್ಲಿಗೆ ಹೋಗಲಿ?

ಅದೂ ನೋಡು, ಜೀವಮಾನವೆಲ್ಲ ಆಫೀಸಿನ ಲಿಫ್ಟಿನಲ್ಲಿ ನಿಂತು ಜನರನ್ನು ಮೇಲೆ ಕೆಳಗೆ ಸಾಗಿಸಿದ ನನ್ನಂಥವನ ಮನೆ ಮೂರನೆಯ ಮಹಡಿಯಲ್ಲಿ, ಅದಕ್ಕೆ ಲಿಫ್ಟಿಲ್ಲ. ಅವಳಿಗೇ ಇಳಿಯುವ ಮನಸ್ಸು ಬರಬೇಕು. ಹೊತ್ತುಕೊಂಡು ಇಳಿಯುವ ಬೆನ್ನು ನನ್ನದಲ್ಲ.

ಮೊನ್ನೆ ಒಂದು ದಾರಿ ಹೊಳೆಯಿತು, ತೋಳಿಲ್ಲದ ಮೇಲಂಗಿ. ಹೊಳೆದದ್ದು ಅವಳಿಗೇ, ನಾನು ಒಪ್ಪಿದೆ ಅಷ್ಟೆ. ನಮೂನೆಗೆಂದು ಹಳೆಯ ನ್ಯೂಸ್ ಪೇಪರು ತರಿಸಿ, ಮಡಚಿ, ಮೂರು ತುಂಡು ಹರಿಸಿದಳು. ಅಗಲವಾದ್ದು ಒಂದು, ಅದು ಬೆನ್ನಿಗೆ. ಉದ್ದಕ್ಕೆ ಸಣ್ಣಗೆ ಎರಡು, ಅವು ಮುಂದಕ್ಕೆ, ಎಡಕ್ಕೊಂದು ಬಲಕ್ಕೊಂದು. ಭುಜದ ಹತ್ತಿರ ಒಂದು ಗೇಣು ಜೋಡಿಸುವುದು, ಪಕ್ಕೆಯಲ್ಲಿ ಕೆಳಗಿನಿಂದ ಅರ್ಧದವರೆಗೆ ಜೋಡಿಸುವುದು. ಉಳಿದದ್ದು ಕೈಗೆ ಜಾಗ. ಗುಂಡಿಯಿಲ್ಲ, ತೋಳಿಲ್ಲ, ಕಾಲರಿಲ್ಲ. ಹಿಂದಿನಿಂದ ಹೊದಿಸಿದರೆ ಸಾಕು, ಕೈ ತಾನಾಗಿ ಕೆಳಗಿಳಿದು ಹೊರಗೆ ಬರುತ್ತದೆ. ಮುಂದಿನ ಎರಡೂ ಪಟ್ಟಿ ಜೋತುಬಿದ್ದು ಕುತ್ತಿಗೆಯ ಹತ್ತಿರ ತಾವೇ ಮಡಿಕೆಯಾಗುತ್ತವೆ. "ಆಕಾರ ಇಲ್ಲದ್ದಕ್ಕೆ ಮೈಯೇ ಆಕಾರ ಕೊಡುತ್ತೆ, ರೀ" ಅಂದಳು. ಇಷ್ಟು ಮಾತಾಡಿ ಎಷ್ಟು ದಿನವಾಗಿತ್ತೋ.

ಹೆಣೆಯುವವನು ನಾನು. ಏರಿಸುವುದು ಇಳಿಸುವುದು ಲಿಫ್ಟಿನಲ್ಲಿ ಬರುತ್ತಿತ್ತು, ಹೆಣಿಗೆಯ ಕುಣಿಕೆಯಲ್ಲಿ ಬರುವುದಿಲ್ಲ. ನೇರ ಹೋಗಿ ನೇರ ಬರುವುದೊಂದೇ ಗೊತ್ತು. ಬೆನ್ನೂ ಬಲಗಡೆಯದೂ ನನ್ನ ಪಾಲು. ಎಡಗಡೆಯ ತುಂಡು ಮಾತ್ರ ತನ್ನದೇ ಎಂದು ಹಟ ಹಿಡಿದಿದ್ದಾಳೆ. ಜೋಡಿಸುವ ಕೆಲಸ ನಿನಗೆ. "ನೀವು ಹೊಲಿದ್ರೆ ಗೋಣಿಚೀಲ ಆಗುತ್ತೆ, ಅವಳಿಗೇ ಕಳಿಸಿ" ಎಂದು ಆಜ್ಞೆಯಾಗಿದೆ. ಆಗುತ್ತದಾ?

ಸೌಖ್ಯ ಏನೂ ಉಳಿಯಲಿಲ್ಲ. ಇಬ್ಬರೂ ಇದ್ದೇವೆ.

ನಿನ್ನ ಮಾವ


ಜುಲೈ ೨

ಮಾವ,

ಕಾಗದ ಬಂದು ಬಹಳ ದಿನವಾಯಿತು. ಬೈಕೊಳ್ಳಬೇಡಿ. ಮನೆಗೆ ಬಂದು ಚಪ್ಪಲಿ ಬಿಟ್ಟು ಗೋಡೆಗೆ ಒರಗಿದರೆ ಹಾಗೇ ಕಣ್ಣು ಮುಚ್ಚಿಹೋಗುತ್ತದೆ.

ಕಾರ್ಖಾನೆಯಲ್ಲಿ ನನ್ನನ್ನು ಹೊಲಿಗೆಯಿಂದ ತೆಗೆದು ಚೆಕಿಂಗ್ ಟೇಬಲ್ಲಿಗೆ ಹಾಕಿದ್ದಾರೆ. ಬಡ್ತಿ ಅಂತೆ. ಮೊದಲು ಕೂತು ದುಡಿಯುತ್ತಿದ್ದೆ, ಈಗ ನಿಂತು. ಶರ್ಟುಗಳು ಬರುತ್ತಲೇ ಇರುತ್ತವೆ. ಹೊಲಿಗೆ ಜಾರಿದ್ದು, ಅಂಚು ಸೊಟ್ಟಗಿದ್ದದ್ದು ಎಲ್ಲಿ ಕಂಡರೂ ಅಲ್ಲಿಗೆ ಒಂದು ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ವಾಪಸ್ ಕಳಿಸಬೇಕು. ಒಂದು ತಪ್ಪಿಹೋದರೆ ಸೂಪರ್‌ವೈಸರ್ ನನಗೇ ಬಾಣ ಬಿಡುತ್ತಾಳೆ. ಈಗ ಎಲ್ಲಿ ನೋಡಿದರೂ ತಪ್ಪೇ ಕಾಣುತ್ತದೆ ಮಾವ. ಬಸ್ಸಿನಲ್ಲಿ ಮುಂದೆ ನಿಂತವರ ಬೆನ್ನಿನ ಹೊಲಿಗೆ ಎಣಿಸುತ್ತಿರುತ್ತೇನೆ. ಸ್ಟಿಕ್ಕರುಗಳು ಮೊಣಕೈಗೆ, ಕೂದಲಿಗೆ ಅಂಟಿಕೊಂಡು ಮನೆಗೂ ಬರುತ್ತವೆ. ಮೊನ್ನೆ ಕನ್ನಡಿ ನೋಡಿದರೆ ಕಿವಿಯ ಕೆಳಗೆ ಒಂದು ಇತ್ತು. ಇಡೀ ದಿನ ನನ್ನನ್ನು ವಾಪಸ್ ಕಳಿಸದೆ ಹೇಗೆ ಬಿಟ್ಟರೋ!

ಜೋಡಿಸಿಕೊಡುತ್ತೇನೆ. ಇದೂ ಕೇಳಬೇಕೇ? ನನಗೆ ಶಾಲೆಗೆ ಜಡೆ ಹಾಕಿ, ಸ್ವೆಟರ್ ತೊಡಿಸಿ ಕಳಿಸಿದ ಕೈ ಅದು. ಬಂದು ನಾನೇ ಹೆಣೆಯಬೇಕಿತ್ತು, ರಜೆ ಕೊಡುವುದಿಲ್ಲ. ಈ ಹಂಗಾಮು ಮುಗಿಯಲಿ ಅನ್ನುತ್ತಾರೆ. ಹೋದ ಸಲವೂ ಹಾಗೇ ಅಂದಿದ್ದರು.

ಒಂದು ಮಾತು. ಮುಂದಿನ ಎರಡೂ ತುಂಡು ಒಂದೇ ಅಳತೆ ಇರಲಿ. ಬರೀ ಆಯತಗಳ ಉಡುಪಿನಲ್ಲಿ ತಪ್ಪು ಮುಚ್ಚಿಕೊಳ್ಳಲು ಜಾಗ ಇರುವುದಿಲ್ಲ.

ನಿಮ್ಮ ಪಿಟೀಲು


ಆಗಸ್ಟ್ ೨೧

ಪ್ರೀತಿಯ ಪಿಟೀಲು,

ಪಾರ್ಸೆಲ್ಲಿನ ಜತೆ ಈ ಕಾಗದ. ಮೂರೂ ತುಂಡು ಒಳಗಿವೆ.

ಹೊಸ ಉಲ್ಲನ್ ಬೇಡ ಅಂದಳು ನಿನ್ನ ಅತ್ತೆ. ಪೆಟ್ಟಿಗೆ ತೆಗೆಸಿ, ತೋಳಿಗೆ ಏರದ ತನ್ನ ಬೂದು ಸ್ವೆಟರು ಬಿಚ್ಚಿಸಿದಳು. ಅವಳು ಎಳೆಯುವುದು, ನಾನು ಉಂಡೆ ಸುತ್ತುವುದು. ಎಷ್ಟು ಬೇಗ ಬಿಚ್ಚಿಹೋಯಿತು ಅಂತೀಯ! ಒಂದು ಚಳಿಗಾಲವಿಡೀ ಕೂತು ಹೆಣೆದದ್ದು. ನನಗೆ ನೋಡಲಾಗಲಿಲ್ಲ, ಅವಳು ಮಾತ್ರ ಕಣ್ಣು ಮಿಟುಕಿಸಲಿಲ್ಲ. ಎಡಗಡೆಗೆ ಮಾತ್ರ ಬೇರೆ ಉಲ್ಲನ್. ಹಸಿರು. ನೀನು ಬಿಟ್ಟುಹೋದ ಶಾಲೆಯ ಸ್ವೆಟರಿನದು, ಅದು ಅವಳ ದಿಂಬಿನ ಚೀಲದೊಳಗೆ ಇತ್ತೆಂದು ನನಗೂ ಗೊತ್ತಿರಲಿಲ್ಲ.

ನಾನು ಹೆಣೆದದ್ದು ನಿಂತುಕೊಂಡು. ಕೂತರೆ ನಿದ್ದೆ, ನಿಂತರೆ ಹಳೆಯ ಅಭ್ಯಾಸ, ಕೈ ನಡೆಯುತ್ತದೆ. ಹಿಡಿತ ಮಾತ್ರ ಭಾರಿ ಬಿಗಿ. "ಅದು ಲಿಫ್ಟಿನ ಹಿಡಿ ಅಲ್ಲ ರೀ, ಬಿಟ್ರೆ ಯಾರೂ ಕೆಳಗೆ ಬೀಳಲ್ಲ" ಎಂದು ಹಾಸಿಗೆಯಿಂದ ಕೂಗುತ್ತಾಳೆ. ಬೆನ್ನಿನ ತುಂಡಿನ ಮೊದಲ ಅಂಚು ಹಲಗೆಯ ಹಾಗಿದೆ. ಮೇಲೆ ಹೋಗುತ್ತಾ ಸಡಿಲ ಬಂದಿದೆ. ಕಲಿತೆನೋ ಸುಸ್ತಾಯಿತೋ, ಗೊತ್ತಿಲ್ಲ.

ಅವಳು ತನ್ನ ತುಂಡನ್ನು ಹೇಗೆ ಮುಗಿಸಿದಳು ಎಂದು ನಾನು ನೋಡಿದ್ದೇನೆ, ಬರೆಯಲಾರೆ. ಒಂದು ಕುಣಿಕೆ ಕಡ್ಡಿಗೆ ಸಿಗುವಷ್ಟರಲ್ಲಿ ನಾನು ಒಂದು ಸಾಲು ಮುಗಿಸಿರುತ್ತಿದ್ದೆ. ಸಹಾಯಕ್ಕೆ ಹೋದರೆ ಕಡ್ಡಿಯ ತುದಿ ನನ್ನ ಕಡೆಗೆ ತಿರುಗುತ್ತಿತ್ತು. ಕೆಲವು ದಿನ ಹೆಣೆದದ್ದಕ್ಕಿಂತ ಜಾರಿದ್ದೇ ಹೆಚ್ಚು. ಕೊನೆಯ ಕುಣಿಕೆ ಮುಚ್ಚಿದ ಮೇಲೆ ಕಡ್ಡಿಗಳನ್ನು ಒರೆಸಿ ಬಿಸ್ಕತ್ತಿನ ಡಬ್ಬದಲ್ಲಿಟ್ಟು, ಡಬ್ಬವನ್ನು ಕಪಾಟಿನ ಮೇಲಿನ ಅರೆಗೆ ಇಡಿ ಅಂದಳು. ಆ ಅರೆ ಅವಳಿಗೆ ಎಟುಕುವುದಿಲ್ಲ. ಸ್ಟೂಲು ಹತ್ತಿ ಇಟ್ಟೆ.

ತುಂಡು ಸ್ವಲ್ಪ ಸೊಟ್ಟಗಿದೆ. ಕೆಳಗೆ ಬಿಗಿ, ಮೇಲೆ ಹೋಗುತ್ತಾ ಅಗಲ, ಮತ್ತೆ ನನ್ನದಕ್ಕಿಂತ ಗಿಡ್ಡ. ನೀನು ಏನೂ ಅನ್ನಬೇಡ. ಹೇಗಾದರೂ ಹೊಂದಿಸು.

ಕೆಳಗಿನ ಬೆಂಚಿನ ಮಾತು ತೆಗೆದರೆ ಈಗ "ಅದು ಬರ್ಲಿ, ನೋಡೋಣ" ಅನ್ನುತ್ತಾಳೆ. ಬರಲ್ಲ ಅನ್ನುತ್ತಿದ್ದವಳು!

ನಿನ್ನ ಮಾವ


ಸೆಪ್ಟೆಂಬರ್ ೧೨

ಮಾವ,

ಮೇಲಂಗಿ ಕಳಿಸಿದ್ದೇನೆ. ಅತ್ತೆಗೆ ಇಷ್ಟವಾಗುತ್ತದೆ ನೋಡಿ.

ನಿಮಗೆ ಮಾತ್ರ ಹೇಳುತ್ತೇನೆ. ಹಸಿರು ತುಂಡನ್ನು ಟೇಬಲ್ ಮೇಲೆ ಹರಡಿದಾಗ ನನಗೆ ಅಳು ಬಂತು. ಅತ್ತೆಯ ಕೈಯಿಂದ ಅಂಥದ್ದು ಬಂದದ್ದು ನಾನು ಯಾವತ್ತೂ ನೋಡಿಲ್ಲ. ಇದನ್ನು ಹಾಕಿಕೊಂಡು ಬೆಂಚಿಗೆ ಹೋದರೆ ಆ ಹೆಂಗಸರು ಬಿಡುತ್ತಾರೆಯೇ? ಕೈ ಹೋಯ್ತು ಪಾಪ ಅನ್ನುತ್ತಾರೆ. ಅದಕ್ಕೇ ಅದನ್ನು ಪೂರ್ತಿ ಬಿಚ್ಚಿ, ಅದೇ ಉಲ್ಲನ್ನಿನಲ್ಲಿ ನಿಮ್ಮ ಬಲಗಡೆಯ ಅಳತೆಗೆ ಸರಿಯಾಗಿ ಹೆಣೆದು ಜೋಡಿಸಿದ್ದೇನೆ. ಭಾನುವಾರದ ರಜೆಗಳೂ ಅದಕ್ಕೇ ಹೋದವು. ಬೇಜಾರಿಲ್ಲ. ಒಂದು ಕುಣಿಕೆಯೂ ಹೆಚ್ಚುಕಡಿಮೆ ಇಲ್ಲ. ಅತ್ತೆಗೆ ಗೊತ್ತಾಗುವುದಿಲ್ಲ, ನೀವೂ ಹೇಳಬೇಡಿ.

ಕೆಳಗೆ ಕೂತ ಮೇಲೆ ಹೇಗಿತ್ತು ಬರೆಯಿರಿ.

ನಿಮ್ಮ ಪಿಟೀಲು


ಸೆಪ್ಟೆಂಬರ್ ೩೦

ಪಿಟೀಲು,

ಹೇಗೆ ಬರೆಯಲಿ ಎಂದು ಯೋಚಿಸುತ್ತಾ ಎರಡು ಕಾಗದ ಹರಿದೆ. ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಪಾರ್ಸೆಲ್ ಬಿಚ್ಚಿ ಅವಳ ತೊಡೆಯ ಮೇಲೆ ಇಟ್ಟೆ. ಕನ್ನಡಕ ಕೇಳಲಿಲ್ಲ. ಕೈ ಆಡಿಸಿದಳು. ಬೆನ್ನಿನ ಮೇಲೆ ಕೈ ಹೋಯಿತು, "ನಿಮ್ದು" ಅಂದಳು. ಬಲಗಡೆ, "ನಿಮ್ದೇ". ಎಡಗಡೆಗೆ ಬಂದು ಕೈ ನಿಂತಿತು. ನಡುಗುವ ಬೆರಳು ನಡುಗುತ್ತಲೇ ಮೇಲಿಂದ ಕೆಳಗೆ ಹೋಗಿ ಬಂತು.

"ಇದು ಯಾರ್ದು?"

"ನಿಂದೇ ಕಣೇ, ಹಸಿರು ಕಾಣಲ್ವಾ?" ಅಂದೆ.

"ಬಣ್ಣ ನಂದು. ಕೈ ನಂದಲ್ಲ."

ಸುಳ್ಳು ಹೇಳಿ ನನಗೆ ಅಭ್ಯಾಸವಿದೆ, ಅವಳ ಮುಂದೆ ಅದು ಯಾವತ್ತೂ ನಡೆದಿಲ್ಲ. ಅವಳು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. "ಹೊದಿಸಿ ನೋಡೋಣ" ಅಂದಳು. ಹೊದಿಸಿದೆ. ಕೈ ನೋವಿಲ್ಲದೆ ಹೊರಗೆ ಬಂತು, ಅಷ್ಟು ಸರಿ. ಎದ್ದು ನಿಂತಳು ನೋಡು, ಎಡಗಡೆಯದು ಭುಜದಿಂದ ಸರ್ರನೆ ಜಾರಿ ಮೊಣಕೈಗೆ ಬಂತು. ಎತ್ತಿ ಕೂರಿಸಿದೆ. ಮತ್ತೆ ಜಾರಿತು. ಮತ್ತೆ ಕೂರಿಸಿದೆ.

"ಈ ಭುಜ ಇಳಿದಿದೆ, ನಿಮಗೆ ಕಾಣಲ್ಲ, ನಂಗೊತ್ತು. ಮೇಲೆ ಅಗಲ ಇದ್ದಿದ್ರೆ ಕುತ್ತಿಗೆ ಕಡೆ ಮಡಿಕೆ ಬಿದ್ದು ಹಿಡ್ಕೋತಿತ್ತು. ಕೆಳಗೆ ಗಿಡ್ಡ ಇದ್ದಿದ್ರೆ ಅಂಚು ಸಮ ಕಾಣ್ತಿತ್ತು. ಅದಕ್ಕೇ ಹಾಗೆ ಹೆಣೆದಿದ್ದೆ" ಅಂದಳು. ಆಮೇಲೆ ಗೋಡೆಯ ಕಡೆಗೆ ತಿರುಗಿ ಮಲಗಿದಳು.

ಬೇಕೆಂದೇ ಹಾಗೆ ಹೆಣೆದಳೋ, ಕೈ ಸೋತು ಹಾಗಾದದ್ದಕ್ಕೆ ಈಗ ಕಾರಣ ಹುಡುಕಿದಳೋ, ದೇವರಾಣೆ ನನಗೆ ಗೊತ್ತಿಲ್ಲ. ಕೆಳಗಿನಿಂದ ಶುರುಮಾಡಿದ್ದು, ಆಗ ಕೈ ಇಷ್ಟು ಸೋತಿರಲಿಲ್ಲ. ಮೇಲೆ ಬರುವಷ್ಟರಲ್ಲಿ ನಡುಕ ಹೆಚ್ಚಾಗಿತ್ತು. ಹಾಗೂ ಹೇಳಬಹುದು, ಹೀಗೂ ಹೇಳಬಹುದು. ಇಷ್ಟು ವರ್ಷ ಜತೆಗಿದ್ದು ಇದೊಂದು ಗೊತ್ತಾಗುವುದಿಲ್ಲ ಅಂದರೆ ನೋಡು. ಅಂತೂ ಅದು ಅವಳ ಕೈಯ ಕೊನೆಯ ತುಂಡು, ಅದು ಈಗ ಇಲ್ಲ. ನಿನ್ನ ಮೇಲೆ ಹೊರಿಸುತ್ತಿಲ್ಲ. ಸೊಟ್ಟಗಿದೆ ಎಂದು ನಿನಗೆ ಬರೆದುಕೊಟ್ಟವನು ನಾನೇ ತಾನೇ.

ಮಾರನೆಯ ದಿನ ಎದ್ದವಳೇ ಮೇಲಂಗಿಯ ಅಂಚಿನಿಂದ ಏನೋ ಕಿತ್ತು ನನಗೆ ತೋರಿಸಿದಳು. ನಿನ್ನ ಕೆಂಪು ಬಾಣ. ಹೇಗೋ ಅಂಟಿಕೊಂಡು ಬಂದಿದೆ. "ಏನಿದು?" ಅಂದಳು, ಹೇಳಿದೆ. ಬಹಳ ಹೊತ್ತು ಬೆರಳ ಮೇಲೆ ಇಟ್ಟುಕೊಂಡು ನೋಡಿದಳು. ಆಮೇಲೆ ನೀನು ಹೆಣೆದ ಹಸಿರು ತುಂಡಿನ ನಟ್ಟನಡುವೆ ಅಂಟಿಸಿ, "ವಾಪಸ್ ಕಳಿಸಿ" ಅಂದಳು.

ನಗಬೇಕೋ ಅಳಬೇಕೋ ತಿಳಿಯದೆ ಕಳಿಸುತ್ತಿದ್ದೇನೆ. ಬೆಂಚಿನ ಮಾತು ಈಗ ಯಾರೂ ಎತ್ತುವುದಿಲ್ಲ.

ಮಾವ


ನವೆಂಬರ್ ೪

ಮಾವ,

ಬರೆಯದೆ ಇದ್ದದ್ದಕ್ಕೆ ಕೆಲಸ ಕಾರಣ ಅಂದರೆ ನೀವು ನಂಬುತ್ತೀರಿ, ಅದಕ್ಕೇ ಹೇಳುವುದಿಲ್ಲ. ಸಿಟ್ಟು ಬಂದಿತ್ತು. ಕಾಲು ಬಾತುಕೊಂಡಿದ್ದರೂ ಕೂತು ಹೆಣೆದೆ, ಅದಕ್ಕೆ ಬಾಣ! ನನ್ನ ಬಾಣವೇ! ಆಮೇಲೆ ಸಿಟ್ಟೂ ಇಳಿಯಿತು. ಅದನ್ನು ಹಿಡಿದುಕೊಂಡಿರಲೂ ಶಕ್ತಿ ಬೇಕು.

ಹಸಿರು ತುಂಡು ಬಿಚ್ಚಿದೆ. ಅತ್ತೆ ಹೆಣೆದ ಹಾಗೆ ಮತ್ತೆ ಹೆಣೆಯೋಣ ಎಂದು ಕೂತೆ. ಕೆಳಗೆ ಬಿಗಿ, ಮೇಲೆ ಸಡಿಲ. ಕೇಳಲು ಸುಲಭ. ನನಗೆ ಬರುವುದಿಲ್ಲ ಮಾವ. ಸಡಿಲ ಬಿಡುತ್ತೇನೆ ಅಂದುಕೊಳ್ಳುತ್ತೇನೆ, ನಾಲ್ಕು ಸಾಲು ಆದಮೇಲೆ ನೋಡಿದರೆ ಕೈ ತಾನೇ ಸರಿಮಾಡಿಕೊಂಡಿರುತ್ತದೆ. ಬೇಕೆಂದು ಸೊಟ್ಟ ಮಾಡಿದರೆ ಅಣಕಿಸಿದ ಹಾಗೆ ಕಾಣುತ್ತದೆ. ಮೂರು ಸಲ ಬಿಚ್ಚಿದೆ. ಉಲ್ಲನ್ ನೂಡಲ್ಸಿನ ಹಾಗೆ ಸುರುಳಿ ಸುರುಳಿಯಾಗಿದೆ.

ಅತ್ತೆಯ ತುಂಡು ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ಹೋದರೆ ತಪ್ಪು ಎಲ್ಲೆಲ್ಲಿತ್ತು ಎಂಬುದಷ್ಟೇ ನೆನಪಿದೆ.

ಉಂಡೆ ವಾಪಸ್ ಕಳಿಸಿದ್ದೇನೆ. ತೊಳೆದಿಲ್ಲ. ಏನು ಮಾಡುತ್ತೀರೋ ನೋಡಿ. ಉಳಿದ ಎರಡು ತುಂಡು ನನ್ನ ಹತ್ತಿರ ಇವೆ. ಅತ್ತೆಗೆ ಏನು ಹೇಳಬೇಕೋ ನನಗೆ ಗೊತ್ತಿಲ್ಲ, ನೀವೇ ಏನಾದರೂ ಹೇಳಿ.

ಪಿಟೀಲು


ಡಿಸೆಂಬರ್ ೧೭

ಪ್ರೀತಿಯ ಪಿಟೀಲು,

ಉಂಡೆಯನ್ನು ಅವಳ ಕೈಗೆ ಕೊಟ್ಟು, ನಿನ್ನ ಕಾಗದ ಓದಿದೆ. ಮಧ್ಯೆ ಏನೂ ಬಿಡಲಿಲ್ಲ, ಸಿಟ್ಟಿನದೂ ಓದಿದೆ. ನೂಡಲ್ಸಿನ ಮಾತಿಗೆ ಮೂಗಿನಲ್ಲಿ ನಕ್ಕಳು. ತಪ್ಪಷ್ಟೇ ನೆನಪಿದೆ ಎಂಬಲ್ಲಿ ಓದು ನಿಲ್ಲಿಸಿ ನೋಡಿದೆ. ಅವಳು ಕಿಟಕಿ ನೋಡುತ್ತಿದ್ದಳು. "ನಿಂತು ನಿಂತು ಅವಳ ಕಾಲು ಏನಾಗಿದೆಯೋ. ಕೇಳಿದ್ರಾ ನೀವು?" ಅಂದಳು. ನಾನು ಕೇಳಿರಲಿಲ್ಲ. ಈಗ ಕೇಳುತ್ತಿದ್ದೇನೆ, ಕಾಲು ಹೇಗಿದೆ? ಉಪ್ಪು ಹಾಕಿದ ಬಿಸಿನೀರಿನಲ್ಲಿ ಇಡಬೇಕಂತೆ, ಅತ್ತೆಯ ಆಜ್ಞೆ.

ಆಮೇಲೆ, "ಡಬ್ಬ ಇಳಿಸಿ" ಅಂದಳು.

ಅವಳ ಕೈಯಲ್ಲಿ ಕಡ್ಡಿ ನಿಲ್ಲಲಿಲ್ಲ. ಈ ಮೂರು ತಿಂಗಳಲ್ಲಿ ಅದೂ ಹೋಯಿತು. ಕಡ್ಡಿ ಜಾರಿ ನೆಲಕ್ಕೆ ಬಿದ್ದಾಗ ಇಬ್ಬರೂ ಅದನ್ನೇ ನೋಡುತ್ತಾ ಇದ್ದೆವು. ಬಗ್ಗಿ ಎತ್ತಲು ನನಗೂ ಹೊತ್ತಾಯಿತು. ಎತ್ತಿದ ಮೇಲೆ, "ನೀವೇ ಹಿಡ್ಕೊಳ್ಳಿ. ಕೂತ್ಕೊಂಡು. ನಿಂತ್ರೆ ನನಗೆ ಎಟುಕಲ್ಲ" ಅಂದಳು. ಅವಳ ಮಗ್ಗುಲಲ್ಲಿ ಮಂಚದ ಮೇಲೆ ಕೂತೆ. ಅವಳು ತನ್ನ ಬಲಗೈಯನ್ನು ನನ್ನ ಮಣಿಕಟ್ಟಿನ ಮೇಲೆ ಇಟ್ಟಳು.

ಹಾಗೇ ಹೆಣೆದೆವು. ಎಲ್ಲಿ ಬಿಗಿ ಬೇಕೋ ಅಲ್ಲಿ ಒತ್ತುತ್ತಿದ್ದಳು, ಎಲ್ಲಿ ಬೇಡವೋ ಅಲ್ಲಿ ಕೈ ಹಗುರ ಮಾಡುತ್ತಿದ್ದಳು. ಅವಳ ನಡುಕ ನನ್ನ ಕೈಯೊಳಗೆ ಬಂದು ಕಡ್ಡಿಯ ತುದಿಗೆ ಹೋಗುತ್ತಿತ್ತು. ನಾನು ತಡೆಯಲು ಹೋಗಲಿಲ್ಲ. ಲಿಫ್ಟಿನ ಹಿಡಿತ ಮೊದಲ ಸಲ ಬಿಟ್ಟುಹೋಯಿತು. ದಿನಕ್ಕೆ ಸ್ವಲ್ಪ ಸ್ವಲ್ಪ. ಕೆಲವು ಸಲ ಅವಳಿಗೆ ನಿದ್ದೆ ಹತ್ತಿ ಕೈ ಭಾರವಾಗಿ ಬೀಳುತ್ತಿತ್ತು. ಅಂಥ ಸಾಲುಗಳೂ ಇವೆ ಇದರಲ್ಲಿ. ಕೆಲವು ಸಲ ನಿದ್ದೆ ನನಗೆ ಹತ್ತಿದ್ದೂ ಉಂಟು.

ಮೊದಲಿನದರ ಹಾಗೆ ಬಂದಿಲ್ಲ. ಅದಕ್ಕಿಂತಲೂ ಸೊಟ್ಟಗಿದೆ. ಇದು ಯಾರ ಕೈಯದೋ ನನಗೂ ಹೇಳಲಾಗದು.

ಕಳಿಸುತ್ತಿದ್ದೇನೆ. ಅಳತೆಪಟ್ಟಿ ಮುಟ್ಟಬೇಡ ಎಂದು ಅತ್ತೆ ಹೇಳಿದ್ದಾಳೆ. ಭುಜದ ಕಡೆ ಮೇಲಿನ ಅಂಚಿಗೆ ಅಂಚು ಸೇರಿಸು, ಕೆಳಗೆ ಎಲ್ಲಿಗೆ ಬರುತ್ತದೋ ಅಲ್ಲಿಗೆ ಬರಲಿ.

ನಿನ್ನ ಮಾವ


ಜನವರಿ ೮

ಮಾವ,

ಜೋಡಿಸಿದ್ದೇನೆ. ಅಳೆಯಲಿಲ್ಲ. ಕಣ್ಣು ಅಳೆಯುತ್ತಿತ್ತು, ಅದಕ್ಕೆ ನಾನೇನು ಮಾಡಲಿ? ಬೇರೆ ಕಡೆ ನೋಡುತ್ತಾ ಹೊಲಿದೆ.

ಹೊಲಿದು ಮುಗಿದ ಮೇಲೆ ಒಂದು ಸಲ ನಾನೇ ಹೊದ್ದುಕೊಂಡೆ. ನನಗೆ ಸರಿಹೊಂದಲಿಲ್ಲ. ಎಡಗಡೆ ಎತ್ತಿಕೊಂಡು ನಿಂತಿತು. ಕನ್ನಡಿಯ ಮುಂದೆ ಎಡಭುಜ ಸ್ವಲ್ಪ ಇಳಿಸಿ ನೋಡಿದೆ. ಇನ್ನೂ ಸ್ವಲ್ಪ ಇಳಿಸಿದೆ. ಅಂಚು ಸಮವಾಗುವವರೆಗೆ ಇಳಿಸಿ ಹಾಗೇ ನಿಂತೆ. ಬೇಗ ನೋವು ಬಂತು.

ಅತ್ತೆ ಇಡೀ ದಿನ ಹೀಗೇ ಇರುತ್ತಾರಾ ಮಾವ?

ಕಾಲು ಪರವಾಗಿಲ್ಲ. ಉಪ್ಪುನೀರಿನಲ್ಲಿ ಇಟ್ಟಿದ್ದೇನೆ ಎಂದು ಹೇಳಿ.

ನಿಮ್ಮ ಪಿಟೀಲು


ಜನವರಿ ೨೬

ಪ್ರೀತಿಯ ಪಿಟೀಲು,

ಚಳಿ ಮುಗಿಯುತ್ತಾ ಬಂತು, ಆಗ ಬಂತು ನಿನ್ನ ಪಾರ್ಸೆಲ್ಲು. ಇರಲಿ.

ಹೊದಿಸಿದೆ. ಎದ್ದು ನಿಂತಳು. ನಾನು ಎತ್ತಿ ಕೂರಿಸಲು ಕೈ ತಯಾರು ಮಾಡಿಕೊಂಡೇ ಇದ್ದೆ, ಜಾರಲಿಲ್ಲ. ಹಸಿರು ತುಂಡು ಮೇಲೆ ಮಡಿಕೆ ಬಿದ್ದು ಕುತ್ತಿಗೆಯ ಪಕ್ಕ ಕೂತಿತು, ಬೆಕ್ಕು ಕೂತ ಹಾಗೆ. ಅವಳು ಬಾಗಿಲ ಕಡೆಗೆ ನಡೆದಳು.

ಮೂರು ಮಹಡಿ ಇಳಿಯಲು ಎಷ್ಟು ಹೊತ್ತಾಯಿತೆಂದು ಕೇಳಬೇಡ. ಪ್ರತಿ ತಿರುವಿನಲ್ಲೂ ನಿಂತು ಉಸಿರು ಬಿಟ್ಟೆವು. ಎದುರಿಗೆ ಸಿಕ್ಕಿದವರಿಗೆ ದಾರಿ ಬಿಟ್ಟೆವು. "ಯಾವ ಫ್ಲೋರು ಮೇಡಂ?" ಅಂದೆ. "ಸುಮ್ನಿರ್ರೀ, ಹೆಜ್ಜೆ ತಪ್ಪುತ್ತೆ" ಅಂದಳು.

ಬೆಂಚಿನಲ್ಲಿ ಇಬ್ಬರೇ ಇದ್ದರು. ಉಳಿದವರು ಯಾರು ಎಲ್ಲಿಗೆ ಹೋದರೋ, ಅವಳು ಕೇಳಲಿಲ್ಲ, ಅವರೂ ಹೇಳಲಿಲ್ಲ. ಜಾಗ ಬಿಟ್ಟರು, ಕೂತಳು. ಕೂತಾಗ ಹಸಿರು ಕಡೆ ಮೇಲಕ್ಕೆ ಸರಿದು ಗಿಡ್ಡವಾಗಿಯೇ ಕಂಡಿತು ಮಾರಾಯ್ತಿ, ಸುಳ್ಳು ಹೇಳುವುದಿಲ್ಲ. ನಿಂತಾಗ ಸಮ, ಕೂತಾಗ ಸೊಟ್ಟ. ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕೋ.

ಅವರಲ್ಲೊಬ್ಬಳು ಹಿಂಬದಿ ಮನೆಯ ದರ್ಜಿಯ ಹೆಂಡತಿ, ಅವಳು ಸುಮ್ಮನಿರುವ ಪೈಕಿಯೇ? ಅಂಚು ಹಿಡಿದು ನೋಡಿದಳು. "ಚೆನ್ನಾಗಿದೆ. ಆದ್ರೆ ಈ ಕಡೆ ಗಿಡ್ಡ ಆಗಿದೆಯಲ್ಲಾ?" ಅಂದಳು.

ನಿನ್ನ ಅತ್ತೆ ನಿಧಾನಕ್ಕೆ ಅವಳ ಕೈಯಿಂದ ಅಂಚು ಬಿಡಿಸಿಕೊಂಡು ತೊಡೆಯ ಮೇಲೆ ಸರಿಮಾಡಿಕೊಂಡಳು.

"ಚೆಕಿಂಗ್ ಆಗಿದೆ" ಅಂದಳು. "ನಮ್ಮ ಹುಡುಗಿ ಕಾರ್ಖಾನೆಯಲ್ಲಿ ಅದೇ ಕೆಲಸ ಮಾಡ್ತಾಳೆ. ಸರಿ ಇಲ್ದೆ ಇದ್ದಿದ್ರೆ ಅವಳು ಬಿಡ್ತಾನೇ ಇರ್ಲಿಲ್ಲ."

ಬಿಸಿಲು ಇದ್ದಷ್ಟು ಹೊತ್ತು ಕೂತಿದ್ದು ಮೇಲೆ ಹತ್ತಿದೆವು. ಹತ್ತುವುದು ಇಳಿಯುವುದಕ್ಕಿಂತ ಕಷ್ಟ, ಅದೊಂದನ್ನು ನನ್ನ ನೌಕರಿ ನನಗೆ ಕಲಿಸಿರಲಿಲ್ಲ. ಬಂದವಳೇ ಹಾಸಿಗೆಗೆ ಒರಗಿ ನಿದ್ದೆ ಹೋದಳು, ಮೇಲಂಗಿಯಲ್ಲೇ. ತೆಗೆಯಲು ಹೋಗಲಿಲ್ಲ. ಬಿಗಿ ಮಾಡುವಂಥದ್ದು ಅದರಲ್ಲಿ ಏನೂ ಇಲ್ಲ.

ನಾನೂ ಸ್ವಲ್ಪ ಒರಗುತ್ತೇನೆ. ನಾಳೆ ಮತ್ತೆ ಇಳಿಯಬೇಕಂತೆ.

ನಿನ್ನ ಮಾವ